ಕೆಂಪು ಹೆಣ್ಣು, ನೀಲಿ ಗಂಡು

ಯುಗಾದಿಯೊಳಗೆ ಸ್ಪ್ಯಾನಿಷ್ ಭಾಷೆಯನ್ನು ಅರೆದು ಕುಡಿಯುತ್ತೇನೆಂದು ಜುಂಜೇಶ್ ಯಲ್ಲದಕೆರೆಯ ಚಹಾದಂಗಡಿಯಲ್ಲಿ ಘೋಷಿಸಿದ. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ ಕಂಪನಿಯಲ್ಲಿ ಅವನು ಕಾವಲುಗಾರ. ಸ್ಪೇನಿನ ಸಾಹೇಬರು ಬರುತ್ತಾರೆ, ಅವರ ಭಾಷೆಯಲ್ಲಿ ನಾಲ್ಕು ಮಾತಾಡಿದವನು ಸೂಪರ್‌ವೈಸರ್ ಆಗುತ್ತಾನೆ ಎಂದು ಯಾರೋ ಅವನ ಕಿವಿ ಊದಿದ್ದರು. ಊದಿದವರ ಬಾಯಿಗೆ ಮಣ್ಣು ಬೀಳಲಿ!

ಮೊಬೈಲಿನಲ್ಲಿ ಪಾಠ ಶುರುವಾಯಿತು. ಆ ಭಾಷೆಯಲ್ಲಿ ಜೀವವಿಲ್ಲದ ವಸ್ತುವೂ ಒಂದೋ ಗಂಡು, ಇಲ್ಲವೇ ಹೆಣ್ಣು. ಒಂದಕ್ಕಿಂತ ಹೆಚ್ಚಾದರೆ ಹೆಸರಿನ ತುದಿಗೊಂದು ಬಾಲ, ಅದರ ಬಣ್ಣ ಹೇಳುವ ಪದಕ್ಕೂ ಅದಕ್ಕೊಪ್ಪುವ ಬಾಲ. ಪೊರಕೆ ಹೆಣ್ಣು, ಸೋಫಾ ಗಂಡು ಎಂದು ಅವನು ಸೋಫಾದ ಮೇಲೆ ಮಲಗಿಕೊಂಡೇ ಹೆಂಡತಿ ಚಿತ್ರಾಳಿಗೆ ವಿವರಿಸಿದ. ಅವಳು ಮನೆ ಗುಡಿಸುತ್ತಿದ್ದಳು.

“ಇದನ್ನ ಕಲಿಯಾಕೆ ಸ್ಪೇನ್ ತಂಕ ಹೋಗ್ಬೇಕಿತ್ತೇನ್ರಿ? ನಮ್ಮನೇಲೇ ಐತಲ್ಲ” ಎಂದಳು.

ಮನೆಯ ಕುರಿಗಳು ಚಿತ್ರಾಳವು. ಮದುವೆಯಲ್ಲಿ ತವರಿನವರು ಕೊಟ್ಟ ಜೋಡಿ ಕುರಿಯಿಂದ ಬೆಳೆದ ಹಿಂಡು. ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಬೇರೇನೂ ಇರಲಿಲ್ಲ. ಹಿಂದಿನ ವಾರವಷ್ಟೇ ವ್ಯಾಪಾರಿ ಕೊಟ್ರೇಶ್ ಅವಳ ಟಗರುಗಳನ್ನು ಕೊಂಡು, ಬೆನ್ನಿಗೆ ಕೆಂಪು ಬಳಿದು ಹೋಗಿದ್ದ. ಕೆಂಪು ಬಿತ್ತೆಂದರೆ ಆ ಕುರಿ ಮಾರಾಯಿತು; ಗಾಡಿ ಬಂದಾಗ ಅದನ್ನೇ ಹತ್ತಿಸುತ್ತಾರೆ. ಕುರಿ ಕಾಯುವವರ ಮನೆಯಲ್ಲೇ ಹುಟ್ಟಿದ ಜುಂಜೇಶನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ತಲೆಯಲ್ಲೆಲ್ಲ ಸ್ಪೇನ್ ತುಂಬಿಕೊಂಡಿತ್ತು.

ಚಿತ್ರಾ ತಂಗಿಯ ಸೀಮಂತಕ್ಕೆಂದು ಹಿರಿಯೂರಿಗೆ ಹೋದ ದಿನ ಅವನಿಗೆ ದಿವ್ಯಜ್ಞಾನ ಉದಯಿಸಿತು. ಕುರಿಗಳ ಮೇಲೇ ಪಾಠ ಒಪ್ಪಿಸಬಾರದೇಕೆ? ಬಾಗಿಲಿಗೆ ಬಳಿದು ಮಿಕ್ಕ ಬಣ್ಣದ ಡಬ್ಬಿಗಳನ್ನು ಹಿಡಿದು ಕುರಿ ಕೂಡುವ ರೊಪ್ಪಕ್ಕೆ ನುಗ್ಗಿದ. ಹೆಣ್ಣು ಕುರಿಗಳಿಗೆಲ್ಲ ಕೆಂಪು ಬಳಿದ. ಟಗರುಗಳ ಬೆನ್ನಿನ ಕೆಂಪಿನ ಮೇಲೆ ನೀಲಿ ಬಳಿದ. “ಲಾಸ್ ಒವೇಹಾಸ್ ರೋಹಾಸ್”, ಅಂದರೆ ಕೆಂಪು ಹೆಣ್ಣು ಕುರಿಗಳು, ಎಂದು ರಾಗವಾಗಿ ಹೇಳಿ, ಬಾಲಕ್ಕೆ ಬಾಲ ಕೂಡಿತೆಂದು ಮೀಸೆ ತಿರುವಿದ.

ಮರುದಿನ ಬೆಳಿಗ್ಗೆ ಕೊಟ್ರೇಶನ ಗಾಡಿ ಬಂತು. ಡ್ರೈವರ್ ಹೊಸಬ. ಯಾವ ಕುರಿಗಳನ್ನು ಹತ್ತಿಸಲಿ ಎಂದು ಕೇಳಿದ. ಇಯರ್‌ಫೋನ್ ಸಿಕ್ಕಿಸಿಕೊಂಡು ಆನ್‌ಲೈನ್ ಕ್ಲಾಸಿನಲ್ಲಿ ಕೂತಿದ್ದ ಜುಂಜೇಶ್ ತಲೆಯೆತ್ತದೆ, ಕೆಂಪಿನವು ಎಂದು ಕೈ ಬೀಸಿದ. ಕೊಟ್ರೇಶ್ ಹೇಳಿ ಕಳಿಸಿದ್ದೂ ಅದನ್ನೇ ಆದ್ದರಿಂದ ಡ್ರೈವರ್ ಮತ್ತೆ ಕೇಳಲಿಲ್ಲ.

ಸಂಜೆ ಚಿತ್ರಾ ಬಂದಾಗ ರೊಪ್ಪದಲ್ಲಿ ನೀಲಿ ಟಗರುಗಳು ಮಾತ್ರ ಮೆಲುಕು ಹಾಕುತ್ತಿದ್ದವು. ಅವಳು ಕೊಟ್ರೇಶನಿಗೆ ಫೋನು ಮಾಡಿದಳು. ಗಾಡಿ ಬೆಂಗಳೂರು ಮುಟ್ಟಿ, ಕುರಿಗಳು ಕಟುಕರ ಕೈ ಸೇರಿ, ಎಲ್ಲ ಮುಗಿದುಹೋಗಿತ್ತು.

“ನಿಮ್ಮನೇವ್ರೇ ಕೈ ತೋರ್ಸಿದ್ರಂತಲ್ಲಮ್ಮ” ಎಂದ ಕೊಟ್ರೇಶ್.

ಚಿತ್ರಾ ಅಳಲಿಲ್ಲ. ಅತ್ತಿದ್ದರೆ ಜುಂಜೇಶನಿಗೆ ಎಷ್ಟೋ ಹಗುರಾಗುತ್ತಿತ್ತು. ಸೂಪರ್‌ವೈಸರ್ ಆದ ಮೇಲೆ ಇದರಪ್ಪನಂಥ ಹಿಂಡು ಕಟ್ಟಿಕೊಡುತ್ತೇನೆಂದು ತೊದಲಿದ. ಅವಳು ಎದ್ದು, ಹಾಲು ಕುಡಿಯುವ ಮರಿಗಳನ್ನು ಬೇರೆ ಕೂಡಿದ್ದ ಗೂಡಿನ ಬಾಗಿಲು ತೆಗೆದಳು. ಬೆಳಗಿನಿಂದ ಅವು ಅರಚುತ್ತಿದ್ದದ್ದು ಇಯರ್‌ಫೋನಿನ ಪಂಡಿತನಿಗೆ ಕೇಳಿಸಿರಲಿಲ್ಲ. ಈಗ ಓಡಿಬಂದು, ಹಾಲು ಹುಡುಕುತ್ತ ಅವನ ಮೊಣಕಾಲಿಗೇ ಗುದ್ದತೊಡಗಿದವು.

“ಅವ್ವದೀರು ಎಲ್ಲಿ ಅಂತ ಕೇಳ್ತಾ ಅವೆ” ಎಂದಳು ಚಿತ್ರಾ. “ಹೇಳ್ರಿ. ಯಾವ ಭಾಷೆಯಾಗಾದ್ರೂ ಹೇಳ್ರಿ.”