ಭಾವನವರು ಟ್ರ್ಯಾಕ್ಟರಿಗೆ ಕ್ಯಾಬಿನ್ ಆರಿಸಿದ್ದು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹೆಣ್ಣು ನೋಡಲು ಬಂದ ದಿನ ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವಷ್ಟರಲ್ಲಿ ಅಕ್ಕನನ್ನು ಒಪ್ಪಿದವರು. ಅದೇ ಮನುಷ್ಯ ಒಂದು ಪುಟ್ಟ ಟ್ರ್ಯಾಕ್ಟರಿನ ಕ್ಯಾಬಿನ್ ಒಪ್ಪಲು ಐದು ವಾರ ತೆಗೆದುಕೊಂಡರು! ಅಕ್ಕ ಇದನ್ನು ಇವತ್ತಿಗೂ ಮರೆತಿಲ್ಲ. ಅವರಿಗೂ ಮರೆಯಲು ಬಿಟ್ಟಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಭಾವ ಕುವೈತಿನ ಅಹ್ಮದಿಯಲ್ಲಿ, ಎಣ್ಣೆ ಕಂಪನಿಯ ಬಡಾವಣೆಯಲ್ಲಿ ಗಿಡಮರಗಳ ಮೇಲ್ವಿಚಾರಕರು. ನಾನು ಅದೇ ದೇಶದ ಫರ್ವಾನಿಯಾದಲ್ಲಿದ್ದ ಬ್ರಹ್ಮಚಾರಿ ಗುಮಾಸ್ತ. ಅಲ್ಲಿ ವಾರದ ರಜೆ ಶುಕ್ರವಾರ; ಗುರುವಾರ ಮಧ್ಯಾಹ್ನವಾದರೆ ಸಾಕು, ಅಕ್ಕನ ಕೈಯ ಸಾರು ನೆನೆದು ಬಸ್ಸು ಹತ್ತುತ್ತಿದ್ದೆ.

ಭಾವನವರ ಕೈಕೆಳಗೆ ನೀರಿನ ಟ್ಯಾಂಕು ಎಳೆಯುವ ಒಂದು ಸಣ್ಣ ಟ್ರ್ಯಾಕ್ಟರ್ ಇತ್ತು. ಅದನ್ನು ಓಡಿಸುತ್ತಿದ್ದವರು ಪಂಜಾಬಿನ ಒಬ್ಬ ಸರ್ದಾರ್ಜಿ. ಐವತ್ತೈದು ದಾಟಿದವರು, ಆರಡಿ ಆಳು. ಕುವೈತಿನಲ್ಲೂ ಚಳಿಯೇ ಎಂದು ನಗಬೇಡಿ! ಜನವರಿಯ ಬೆಳಗಿನಲ್ಲಿ ಮರಳುಗಾಡಿನ ಗಾಳಿ ಎರಡು ಸ್ವೆಟರ್ ದಾಟಿ ಮೂಳೆಯನ್ನೇ ಮಾತನಾಡಿಸುತ್ತದೆ. ಹಿಂದಿನ ಚಳಿಗಾಲದಲ್ಲಿ ಸರ್ದಾರ್ಜಿ ಎರಡು ಸಲ ಕೆಮ್ಮಿ ಕೆಮ್ಮಿ ಆಸ್ಪತ್ರೆ ಸೇರಿದ್ದರು. ಮತ್ತೊಮ್ಮೆ ಮಲಗಿದರೆ ಊರಿಗೆ ಕಳಿಸಿಬಿಡುತ್ತೇವೆ ಎಂದಿತ್ತು ಆಫೀಸು. ಭಾವ ಹಟ ಹಿಡಿದು ಟ್ರ್ಯಾಕ್ಟರಿಗೆ ನಾಲ್ಕೂ ಕಡೆ ಮುಚ್ಚಿದ ಕ್ಯಾಬಿನ್ ಮಂಜೂರು ಮಾಡಿಸಿದರು. "ಯಾವುದು ಬೇಕು, ನೀವೇ ಆರಿಸಿ" ಎಂದಿತು ಆಫೀಸು.

ಆರಿಸುವುದೇ? ಭಾವನವರೇ? ಒಮ್ಮೆ ಕುಕ್ಕರ್ ಕೊಳ್ಳಲು ಹೋಗಿ, ಅಂಗಡಿಯಲ್ಲೇ ಬೇಳೆ ಬೇಯಿಸಿ ತೋರಿಸು ಎಂದವರು ಇವರು! ಅಂಗಡಿಯವನು ಪಾಪ ಬೇಯಿಸಿಯೂ ತೋರಿಸಿದ. ಇವರು ರುಚಿ ನೋಡಿ, "ಉಪ್ಪು ಕಡಿಮೆ" ಎಂದು ಬರಿಗೈಲಿ ಬಂದರು.

ಊಟದ ಮೇಜಿನ ತುಂಬ ಕ್ಯಾಬಿನ್‌ಗಳ ಚಿತ್ರಪುಸ್ತಕಗಳು ಬಂದವು. ಸಾರಿನ ಪಾತ್ರೆಗೆ ಜಾಗವಿಲ್ಲದೆ ನಾವು ನೆಲದಲ್ಲಿ ಕೂತು ಊಟ ಮಾಡಿದೆವು.

"ರೀ, ನಾವಿರೋ ಮನೇನ ಅರ್ಧ ಗಂಟೇಲಿ ನೋಡಿ ಒಪ್ಕೊಂಡ್ರಿ. ಟ್ರ್ಯಾಕ್ಟರಿಗೇನು ಅರಮನೆ ಹುಡುಕ್ತಿದೀರಾ?" ಎಂದಳು ಅಕ್ಕ.

"ಮನೆ ಅಲ್ಲಾಡಲ್ಲ ಕಣೇ. ಇದು ಅಲ್ಲಾಡುತ್ತೆ" ಎಂದರು ಭಾವ.

ಮೊದಲ ಪರೀಕ್ಷೆ ಕ್ಯಾನ್ವಾಸ್ ಕ್ಯಾಬಿನ್ನಿನದು. ಟ್ರ್ಯಾಕ್ಟರ್ ಏಜೆಂಟರ ಷೆಡ್ಡಿನ ಹಿಂದಿನ ಬಯಲಿನಲ್ಲಿ, ಅವರದೇ ಟ್ರ್ಯಾಕ್ಟರಿಗೆ ಅದನ್ನು ಹಾಕಿಸಿ, ನನ್ನನ್ನು ಒಳಗೆ ಕೂರಿಸಿ, ಜಿಪ್ ಎಳೆದು, ಎರಡು ಸುತ್ತು ಹೊಡೆಸಿದರು. ಬಟ್ಟೆ ಪಟಪಟ ಬಡಿದುಕೊಂಡಂತೆಲ್ಲ ಹೊರಗಿದ್ದ ಧೂಳು ಒಳಗೆ ಬಂತು. ಒಳಗಿದ್ದ ನಾನು ಹೊರಗೆ ಬಂದಾಗ ಥೇಟು ಅಕ್ಕಿಹಿಟ್ಟಿನಲ್ಲಿ ಹೊರಳಿದ ಕಡುಬು! ಭಾವ ನನ್ನ ಕಿವಿಯೊಳಗೆ ಇಣುಕಿ ನೋಡಿ, "ಇದು ಬೇಡ" ಎಂದು ಬರೆದುಕೊಂಡರು.

ಎರಡನೆಯದು ಗಾಜಿನ ಕಿಟಕಿಗಳ ತಗಡಿನ ಕ್ಯಾಬಿನ್. ಒಳಗೆ ಹೀಟರ್ ಕೂಡ ಇತ್ತು. ಈ ಸಲ ಭಾವ ಅಕ್ಕನ ಹೊಸ ಟರ್ಕಿ ಟವಲ್ ತಂದು ನನ್ನ ತಲೆಗೆ ಸುತ್ತಿ ಹತ್ತಿಸಿದರು. ನಾನೂ ಆರಡಿಯವನೇ ತಾನೆ? ಟವಲ್ ಚಾವಣಿಗೆ ಬಡಿದು ಕಣ್ಣಿನ ಮೇಲೆ ಜಾರಿತು.

ಮಾರುವ ಈಜಿಪ್ಟಿನವನಿಗೆ ತಾಳ್ಮೆ ಮುಗಿದಿತ್ತು. "ಡ್ರೈವರ್ ಪೇಟ ತೆಗೆದು ಕೂತರಾಯಿತು. ಖಲಾಸ್!" ಎಂದ.

ಭಾವ ಪೆನ್ನಿನ ಕ್ಯಾಪು ಮುಚ್ಚಿದರು. "ಪೇಟ ತೆಗೆಯಲ್ಲ. ಚಾವಣಿ ಎತ್ತಿಸು" ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮಾರುವವನು ಅಳತೆಪಟ್ಟಿ ತಂದ.

ಮೂರು ವಾರ ಕಳೆದು ಐದು ಇಂಚು ಎತ್ತರಿಸಿದ ಕ್ಯಾಬಿನ್ ಬಂತು. ಏಜೆಂಟರ ಬಯಲಿಗೆ ಭಾವ ಅಕ್ಕನನ್ನೂ ಕರೆದೊಯ್ದರು. ತಾವು ಒಳಗೆ ಕೂತು ಬಾಗಿಲು ಹಾಕಿ, ಎಂಜಿನ್ ಚಾಲೂ ಮಾಡಿ, "ಏನಾದ್ರೂ ಕೂಗಿ ಹೇಳು!" ಎಂದು ಸನ್ನೆ ಮಾಡಿದರು. ಅಕ್ಕ ಮದುವೆಯಾದ ಹನ್ನೆರಡು ವರ್ಷದ ದೂರುಗಳನ್ನೆಲ್ಲ ಕೂಗಿ ಹೇಳಿದಳು. ಭಾವ ಒಳಗಿನಿಂದ ಮುಗುಳ್ನಗುತ್ತಾ ತಲೆಯಾಡಿಸಿದರು. ಒಂದಕ್ಷರವೂ ಕೇಳಿಸಿರಲಿಲ್ಲ. ಕ್ಯಾಬಿನ್ ಪಾಸಾಯಿತು!

ಮರುದಿನವೇ ಅದನ್ನು ಸರ್ದಾರ್ಜಿಯ ಟ್ರ್ಯಾಕ್ಟರಿಗೆ ಕೂರಿಸಿದರು. ನಾನು ರಜೆ ಹಾಕಿ ನೋಡಲು ಉಳಿದೆ. ಸರ್ದಾರ್ಜಿ ಸುತ್ತ ಒಂದು ಸಲ ನಡೆದು, ಹತ್ತಿ, ಬಾಗಿಲು ಹಾಕಿಕೊಂಡರು. ಐದು ನಿಮಿಷವಾಯಿತು, ಹತ್ತಾಯಿತು. ಎಂಜಿನ್ ಮಾತ್ರ ಚಾಲೂ ಆಗಲಿಲ್ಲ. ಏನೋ ಕೆಟ್ಟಿರಬೇಕೆಂದು ಭಾವ ಓಡಿಹೋಗಿ ಗಾಜಿನಲ್ಲಿ ಇಣುಕಿದರು. ಹಾಗೆಯೇ ಹಿಂದೆ ಸರಿದರು.

ಒಳಗೆ ಸರ್ದಾರ್ಜಿ ಮಡಿಲಲ್ಲಿ ಒಂದು ಕಾಗದ ಇಟ್ಟುಕೊಂಡು ಅಳುತ್ತಿದ್ದರು, ನಗುತ್ತಲೂ ಇದ್ದರು. ಮಗಳಿಗೆ ಹೆರಿಗೆಯಾಗಿ, ಮೊಮ್ಮಗು ಚೆನ್ನಾಗಿದೆಯೆಂದು ಬಂದ ಕಾಗದವಂತೆ. ಆಮೇಲೆ ಅವರೇ ಭಾವನವರಿಗೆ ಹೇಳಿದರು: ಕಾಗದ ಬಂದು ನಾಲ್ಕು ದಿನವಾಗಿತ್ತು. ಕ್ಯಾಂಪಿನಲ್ಲಿ ಒಂದು ರೂಮಿಗೆ ಎಂಟು ಜನ. ಹನ್ನೊಂದು ವರ್ಷದಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಕೂತದ್ದು ಅದೇ ಮೊದಲು.

ಭಾವ ಕ್ಯಾಬಿನ್ನಿಗೆ ಬೆನ್ನು ಮಾಡಿ, ಕೈಕಟ್ಟಿ, ಚಳಿಗಾಳಿಯಲ್ಲಿ ನಿಂತರು. ಆಫೀಸಿನವನೊಬ್ಬ ಬಂದು ಗಡಿಯಾರ ತೋರಿಸಿ, ಗಿಡಗಳಿಗೆ ಇನ್ನೂ ನೀರಿಲ್ಲವೇ ಎಂದು ರೇಗಿದ.

"ಕಾಯ್ಲಿ ಬಿಡಿ ಭಾಯಿ, ಗಿಡ ಎಲ್ಲೂ ಹೋಗಲ್ಲ" ಎಂದರು ಭಾವ. ಹೇಳಿದ್ದು ಕನ್ನಡದಲ್ಲಿ. ಅವನಿಗೇನು ಅರ್ಥವಾಯಿತೋ, ಅವನೂ ಕೈಕಟ್ಟಿ ಪಕ್ಕದಲ್ಲಿ ನಿಂತ.