ಗಾಲಿ ಇಲ್ಲದ ಗಾಡಿ

೧೯೪೮ರ ಮಳೆಗಾಲದಲ್ಲಿ ಸುರಪುರದ ನಮ್ಮ ಓಣಿ ಒಂದೇ ಬೆಳಗಿನಲ್ಲಿ ಖಾಲಿಯಾಯಿತು. ಅದಕ್ಕೆ ಸರಿಯಾಗಿ ತಯಾರಾಗಿದ್ದವರು ಇಡೀ ಓಣಿಯಲ್ಲಿ ಮೂವರೇ: ಒಂದು ಆಡು, ಒಂದು ಬೆಕ್ಕು, ಒಂದು ಮುದಿ ನಾಯಿ. ತಯಾರು ಮಾಡಿದ್ದು ನಮ್ಮ ಸೋದರತ್ತೆ.

ನಿಜಾಮರ ಆಳ್ವಿಕೆಯ ಕೊನೆಯ ದಿನಗಳು. ರಜಾಕಾರರ ದಾಳಿಯ ಸುದ್ದಿ ಬಂದ ಕೂಡಲೇ ಗಾಡಿ ಹೂಡಿಕೊಂಡು, ಗಡಿ ದಾಟಿ, ತಾಳಿಕೋಟೆ ಕಡೆ ಹೋಗುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ಉಳಿದವರು ಬಂಗಾರ ಹೂಳಲು ಜಾಗ ಹುಡುಕುತ್ತಿದ್ದರೆ ಅತ್ತೆ ಗಂಟು ಕಟ್ಟತೊಡಗಿದಳು. ಆಡಿಗೆ ತೊಗರಿ ಹೊಟ್ಟು, ನಾಯಿಗೆ ಒಣಗಿಸಿದ ಕಟಕ ರೊಟ್ಟಿ, ಬೆಕ್ಕಿಗೆ ಒಣಮೀನು.

ಮಾವ ಮೂರೂ ಗಂಟು ಮುಟ್ಟಿ ನೋಡಿ, "ನಂದೆಲ್ಲದ?" ಎಂದ.

"ನಿಮಗ ಮಾತು ಬರ್ತಾವ್ರಿ. ಬೇಡಿಯಾರ ತಿಂತೀರಿ. ಅವಕ್ಕ ಬರ್ತಾವೇನು?"

ಗಂಟಾದ ಮೇಲೆ ತಾಲೀಮು! ಒಳ್ಳೆಯ ಗಾಡಿ ದಿನವೂ ಹೊಲಕ್ಕೆ ಹೋಗುತ್ತಿತ್ತು. ಹಾಗಾಗಿ ಮನೆಯ ಮಗ್ಗುಲಲ್ಲಿ ಗಾಲಿ ಕಳಚಿ ಬಿದ್ದಿದ್ದ ಹಳೆಯ ಗಾಡಿಯೇ ತಾಲೀಮಿಗೆ. ಅತ್ತೆ ಕಂಚಿನ ತಾಟು ಬಡಿಯುವಳು. ಹತ್ತಿ ಕುಳಿತವರಿಗೆ ತಿನಿಸು. ನಾಯಿಗೆ ಕಿವಿ ಮಂದ. ಅದು ಆಡಿನ ಬಾಲ ನೋಡಿಕೊಂಡು ಓಡಿ ಹತ್ತುವುದನ್ನು ಕಲಿಯಿತು. ಇಳಿಸುವವರೆಗೆ ಯಾರೂ ಅಲುಗುವಂತಿಲ್ಲ. ಅಂಥ ಶಿಸ್ತು ಯಾವ ಫೌಜಿನಲ್ಲಿತ್ತು?

ಮೊದಲ ಸಲದ ಸದ್ದಿಗೆ ದಾಳಿಯೇ ಬಂತೆಂದು ಪಕ್ಕದ ಮನೆಯ ಕಾಕಾ ಉಪ್ಪಿನಕಾಯಿ ಭರಣಿ ಅಪ್ಪಿಕೊಂಡು ಊರ ಹೊರಗಿನ ಹುಣಸೆ ಮರದತನಕ ಓಡಿದ್ದ. ಮರಳಿ ಬಂದವನು, "ನಿನ್ನ ಆಡು ಕರಿಯಾಕ ನಮ್ಮ ಜೀವ ಯಾಕ ತೆಗೀತಿ ತಂಗಿ?" ಎಂದ.

"ನಿಮಗೂ ತಾಲೀಮು ಆತಲ್ರಿ ಕಾಕಾ. ಮುಂದಿನ ಸಲ ಭರಣಿ ಬಿಟ್ಟು ಕಾಕಿನ ಕರ್ಕೊಂಡು ಓಡ್ರಿ."

ಕೊನೆಗೆ ಆ ಬೆಳಗು ಬಂತು. ಗಾಡಿಗಳೆಲ್ಲ ಬೀದಿಯಲ್ಲಿ ಹೂಡಿ ನಿಂತವು. ಅತ್ತೆ ತಾಟು ಬಡಿದಳು. ಆಡು, ನಾಯಿ, ಬೆಕ್ಕು ಸಾಲಾಗಿ ಓಡಿ ಬಂದು ಹತ್ತಿ ಕುಳಿತವು. ಗಾಲಿ ಇಲ್ಲದ ಗಾಡಿಯಲ್ಲಿ!

ಅಪ್ಪ ಆಡನ್ನು ಹೊತ್ತು ತಂದು ಬೀದಿಯ ಗಾಡಿಗೆ ಏರಿಸಿದ. ಬೆಕ್ಕನ್ನು ತರುವಷ್ಟರಲ್ಲಿ ಆಡು ವಾಪಸ್. ಕಟ್ಟಿಹಾಕಿದರೆ ಹಗ್ಗ ಜಗ್ಗಿ ಕಣ್ಣು ಮೇಲೆ ಮಾಡಿತು. ನಾಯಿ ಹಲಗೆ ಕಚ್ಚಿ ಹಿಡಿಯಿತು. ಬೆಕ್ಕು ಮಾವನ ಮೂಗಿನ ಮೇಲೆ ಗೆರೆ ಎಳೆಯಿತು. ಮುಂದಿನ ಗಾಡಿಗಳು ಆಗಲೇ ಹೊರಟಿದ್ದವು.

"ಅಕ್ಕಾ, ಬಿಟ್ಟು ಬಾ," ಎಂದ ಅಪ್ಪ.

ಅತ್ತೆ ತಾಟು ಹಿಡಿದುಕೊಂಡು ಹಳೆಯ ಗಾಡಿ ಹತ್ತಿದಳು.

"ನನ್ನ ಮಾತು ನಂಬಿ ಕುಂತಾವಪ್ಪ. ಬಿಟ್ಟು ಹೆಂಗ ಬರ್ಲಿ? ನೀ ಮಕ್ಕಳ್ನ ಕರ್ಕೊಂಡು ನಡಿ."

ಮಾವ ಎತ್ತಿನ ಹಗ್ಗವನ್ನು ಅಪ್ಪನ ಕೈಗೆ ಕೊಟ್ಟ. ಹೋಗಿ ಅತ್ತೆಯ ಪಕ್ಕ ಕುಳಿತು, ಮೂಗು ಗೀರಿದ ಬೆಕ್ಕನ್ನೇ ತೊಡೆಯ ಮೇಲೆ ಎತ್ತಿಕೊಂಡ. ನಮ್ಮ ಗಾಡಿ ಹೊರಟಾಗ ಅತ್ತೆ ಹಲಗೆಯ ಕೆಳಗೆ ಕೈ ಹಾಕಿದ್ದು ಕಂಡಿತು. ನಾಲ್ಕನೆಯ ಗಂಟೊಂದನ್ನು ಹೊರತೆಗೆದು ಮಾವನ ಮುಂದಿಟ್ಟಳು.

ಹಿಂದುಸ್ತಾನದ ಫೌಜು ಬಂದ ಮೇಲೆ ನಾವು ಮರಳಿದೆವು. ಐವರೂ ಇದ್ದರು.

ಅತ್ತೆ, ಮಾವ ಈಗಿಲ್ಲ. ಗಾಡಿ ಮನೆಯ ಮಗ್ಗುಲಲ್ಲೇ ಇದೆ. ಅದಕ್ಕೆ ಗಾಲಿ ಹಾಕಿಸಿಲ್ಲ.