ಜಗಲಿ ಮ್ಯಾಲಿನ ಸೆಲ್ಲು

ಕೂಸಿನ ಕಾಳಜಿ ಅಂದ್ರ ಇಡೀ ಬ್ಯಾಡಗಿ ತನ್ನಿಂದ ಕಲೀಬೇಕು ಅಂತ ವೀರೇಂದ್ರ ಮೆಣಸಿನಕಾಯಿ ಪ್ಯಾಟ್ಯಾಗೆಲ್ಲ ಹೇಳಿಕೋತ ಅಡ್ಡಾಡತಿದ್ದ. ಬಟನ್ ಸೆಲ್ ನುಂಗಿದ್ರ ಗಂಟಲು ಒಳಗ ಸುಡ್ತದ ಅಂತ ಮೊಬೈಲಿನ್ಯಾಗ ನೋಡಿದ್ದೇ ತಡ, ರಿಮೋಟಿಗೆ ಟೇಪ್ ಸುತ್ತಿದ, ಆಟಿಗಿ ಸಾಮಾನಿಗೆ ಸುತ್ತಿದ, ತೂಕದ ಕಾಟಾಕ್ಕೂ ಸುತ್ತಿದ. ಸೆಲ್ ಬದಲಿ ಮಾಡಬೇಕಂದ್ರ ಹೆಂಡತಿ ಶ್ರೀದೇವಿ ಮೊದಲು ಕತ್ತರಿ ಹುಡುಕಬೇಕು.

ಖರೇ ದೀಪ ಕೂಸಿಗೆ ಸುಟ್ಟೀತು ಅಂತ ದೇವರ ಜಗಲಿಗೂ ರಾಣೆಬೆನ್ನೂರಿನಿಂದ ಬಟನ್ ಸೆಲ್ಲಿನ ದೀಪ ತಂದಿದ್ದ ಈ ಶ್ಯಾಣ್ಯಾ. ಶುಕ್ರವಾರ ಅದಕ್ಕ ಹೊಸ ಸೆಲ್ ಹಾಕಿ, ಹಳೇದನ್ನ ಜಗಲಿ ಮ್ಯಾಲಿನ ತಾಟಿನ್ಯಾಗ ಇಟ್ಟ.

"ಆಮ್ಯಾಲೆ ಒಗದ್ರಾತು. ಅಷ್ಟು ಎತ್ತರ ಐತಿ, ದೇವರ ಕಾವಲು ಬ್ಯಾರೆ," ಅಂದ.

ಅದೇ ತಾಟಿನ್ಯಾಗ ಕಲ್ಲುಸಕ್ಕರಿ ಇರತಿತ್ತು. ದಿನಾ ಮುಂಜಾನೆ ಅವನ ಅವ್ವ ನೀಲಗಂಗವ್ವ, ಕಣ್ಣು ಮಂಜಾದಾಕಿ, ಎರಡೂವರೆ ವರ್ಷದ ಮೊಮ್ಮಗಳು ದುರ್ಗಾನ್ನ ಎತ್ತಿ ಕೈ ಮುಗಿಸಬೇಕು, ದುರ್ಗಾ ತಾನ ಒಂದು ಹಳ್ಳು ತಗೊಂಡು ಬಾಯಿಗೆ ಹಾಕ್ಕೋಬೇಕು. ಪ್ರಸಾದ ಉಗುಳಬಾರದು, ನುಂಗಬೇಕು ಅಂತ ಕಲಿಸಿದಾವ ಸ್ವತಃ ವೀರೇಂದ್ರ.

ಶನಿವಾರ ಪೂಜಿ ಮುಗಿದ ಸ್ವಲ್ಪ ಹೊತ್ತಿಗೆ ಕೂಸು ಜೊಲ್ಲು ಸುರಿಸಿಕೋತ ಅಳಾಕ ಹತ್ತಿತು. ಹಾಲೂ ಒಲ್ಲೆ ಅಂತು.

"ಏನೋ ನುಂಗ್ಯಾಳ್ರಿ. ಲಗೂ ಹಾವೇರಿಗೆ ಹೋಗೂಣು," ಅಂದಳು ಶ್ರೀದೇವಿ.

"ಏನು ನುಂಗ್ಯಾಳ? ಎಲ್ಲಿ ಬಿಟ್ಟಿದ್ದಿ ನೀ? ಮೊದಲು ಅದನ್ನ ಹೇಳು."

ಸುರು ಆತು ನೋಡ್ರಿ ಸಾಹೇಬರ ತನಿಖೆ. ಒಂದೊಂದ ಟೇಪ್ ಬಿಚ್ಚಿದ, ಒಂದೊಂದ ಸೆಲ್ ಹೆಂಡತಿ ಮುಂದ ಹಿಡದ. "ನಾ ಕಟ್ಟಿದ್ದು ಕಟ್ಟಿದಂಗ ಅದ. ತಪ್ಪು ನಿಂದ." ಕೂಸು ಅತ್ತು ಅತ್ತು ಸೋತಿತ್ತು, ಇವನ ಬಾಯಿ ಸೋಲಲಿಲ್ಲ. ತಾಸಿನ ಮ್ಯಾಲಾತು. ಕಡೀಕ ಶ್ರೀದೇವಿ ಕೂಸನ್ನ ಎತ್ತಿಕೊಂಡು, ಅತ್ತೀನ್ನ ಕರಕೊಂಡು ಆಟೋ ಹತ್ತಿದಳು. ಇವ ಹಿಂದ ಓಡಿ ಬಂದು ಹತ್ತಿದ.

ಹಾವೇರಿ ದವಾಖಾನ್ಯಾಗ ಎಕ್ಸರೇ ತಗದ್ರು. ಗಂಟಲಾಗ ದುಂಡನ ಸೆಲ್ಲು.

"ಕೊನೀಗೆ ಏನು ತಿಂದಿತ್ತು?" ಡಾಕ್ಟರು ಕೇಳಿದ್ರು.

"ಮುಂಜಾನೆ ಎಂಟಕ್ಕ ಜಗಲಿ ಮ್ಯಾಲಿನ ಪ್ರಸಾದ, ಅಷ್ಟರಿ," ಅಂದಳು ನೀಲಗಂಗವ್ವ.

ವೀರೇಂದ್ರನ ಮಾರಿ ಬಿಳಚಿಕೊಂತು.

"ಅಂದ್ರ ಎರಡು ತಾಸು ದಾಟೇತಿ. ಒಂದೊಂದು ನಿಮಿಷಕ್ಕೂ ಸುಡ್ತದ ಅದು. ಇಷ್ಟೊತ್ತು ಏನು ಮಾಡಿದ್ರಿ?"

"ತಪ್ಪು ಯಾರದು ಅಂತ ಹುಡುಕಿದ್ರಿ ಇವರು," ಅಂದಳು ಶ್ರೀದೇವಿ. "ಈಗ ಸಿಕ್ತು."

ಗಂಟಲದಾಗ ದುರ್ಬೀನಿನ ನಳಗಿ ಇಳಿಸಿ ಸೆಲ್ ತಗದ್ರು. ಸುಟ್ಟದ್ದು ಸುಟ್ಟಿತ್ತು. ಹನ್ನೆರಡು ದಿನ ಮೂಗಿಗೆ ಹಾಕಿದ ನಳಗಿಲೆ ಹಾಲು ಕುಡಿದು ಕೂಸು ಮನಿಗೆ ಬಂತು, ದನಿ ಒಡದಿತ್ತು. ವೀರೇಂದ್ರ ಜಗಲಿ ಮುಂದ ಕುಂತು, ಕಣ್ಣೀರು ಒರಸಿಕೋತ, ಒಂದು ಹಳ್ಳು ಕಲ್ಲುಸಕ್ಕರಿ ಮುಂದ ಹಿಡದ.

ದುರ್ಗಾ ಎರಡೂ ಕೈಲೆ ಬಾಯಿ ಗಟ್ಟಿ ಮುಚ್ಚಿಕೊಂಡಳು. ಇಡೀ ಬ್ಯಾಡಗಿಯೊಳಗ ಅವನಿಂದ ಕಲಿತಾಕಿ ಅಕಿ ಒಬ್ಬಾಕಿನ.